ಕೋಚ್ ಮೇಡಂ ಕೈಯ ಗೆರೆಗಳು

ನಮ್ಮ ಕೋಚ್ ಮೇಡಂ ಅವರ ಎರಡೂ ಮೊಣಕೈಗಳ ಒಳಭಾಗದಲ್ಲಿ ಬಿಳಿ ಗೆರೆಗಳಿದ್ದವು. ಬಸುರಿಯರ ಹೊಟ್ಟೆಯ ಮೇಲೆ ಬೀಳುತ್ತವಲ್ಲ, ಅಂಥವು. ಅಲ್ಲಿನ ಚರ್ಮ ಈರುಳ್ಳಿಯ ಒಳಪದರದಷ್ಟು ತೆಳುವಾಗಿ ಹೊಳೆಯುತ್ತಿತ್ತು, ಕೆಳಗಿನ ನೀಲಿ ನರ ಎದ್ದು ಕಾಣುತ್ತಿತ್ತು. ಸೀಟಿ ಊದಿ ಕೈ ಎತ್ತಿದಾಗಲೆಲ್ಲ ನಮ್ಮ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗಾಗಿ ಕಥೆ ಕಟ್ಟಿದೆವು. ಒಬ್ಬಳು ಕುದಿಯುವ ನೀರು ಬಿದ್ದಿರಬೇಕು ಎಂದಳು. ಇನ್ನೊಬ್ಬಳು ಗಂಡನ ಕೈವಾಡ ಎಂದಳು. ಆದರೆ ಅವರ ಗಂಡನನ್ನು ನೋಡಿದವರು ಯಾರೂ ಅದನ್ನು ನಂಬಲಿಲ್ಲ. ಆ ಮನುಷ್ಯ ಸೊಳ್ಳೆ ಹೊಡೆಯಲೂ ಹೆಂಡತಿಯ ಮುಖ ನೋಡುತ್ತಿದ್ದರು. ನಮ್ಮ ಕಬಡ್ಡಿ ತಂಡದ ಲೆಫ್ಟ್ ಕಾರ್ನರ್ ಹುಡುಗಿ ಮಾತ್ರ, "ಕ್ಯಾಂಪಲ್ಲಿ ಚಿರತೆ ಪರಚಿದ್ದು ಕಣ್ರೇ, ಬರೆದಿಟ್ಕೊಳ್ಳಿ," ಎಂದು ಸಾಧಿಸಿದಳು. ಚಿರತೆಯೇ ಗೆದ್ದಿತು.

ಇದು ಎರಡು ಸಾವಿರದ ದಶಕದ ಮಾತು. ಕಾಮಾಕ್ಷಿಪಾಳ್ಯದ ಮೈದಾನವೊಂದರಲ್ಲಿ ಸಂಜೆ ಹುಡುಗಿಯರ ಕಬಡ್ಡಿ ನಡೆಯುತ್ತಿತ್ತು. ಅರ್ಧ ಜನ ಗಾರ್ಮೆಂಟ್ಸ್ ಮುಗಿಸಿ ಬರುವವರು, ಅರ್ಧ ಜನ ನನ್ನ ಹಾಗೆ ಕಾಲೇಜಿನವರು. ನಾನು ರೈಡರ್. ನಮ್ಮಮ್ಮನೂ ಗಾರ್ಮೆಂಟ್ಸಿನಲ್ಲೇ ಕಾಲರ್ ಹೊಲಿಯುತ್ತಿದ್ದರು. ಮಗಳು ರಾಜ್ಯ ತಂಡಕ್ಕೆ ಆಡಿದರೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಗುತ್ತದೆ, ತಾನು ಮಷೀನು ಬಿಟ್ಟು ಏಳಬಹುದು ಎಂಬುದು ಅವರ ಆಸೆ. ಆ ವರ್ಷ ಜೂನಿಯರ್ ತಂಡಕ್ಕೆ ನನಗಿದ್ದದ್ದು ಕೊನೆಯ ಅವಕಾಶ. ಮರುವರ್ಷ ವಯಸ್ಸು ದಾಟುತ್ತಿತ್ತು.

ಮೇಡಂ ಅವರಿಗೆ ಎಲ್ಲದರಲ್ಲೂ ಕುತೂಹಲ. ಕಡಲೆಕಾಯಿ ಹುರಿಯುವವರ ಗಾಡಿ ಮುಂದೆ ನಿಂತು, "ಮರಳು ಯಾಕೆ ಹಾಕ್ತೀರಿ? ಉಪ್ಪು ಹಾಕಿದ್ರೆ ಏನಾಗುತ್ತೆ?" ಎಂದು ಶುರುಮಾಡಿದರೆ ಅವತ್ತು ಪ್ರಾಕ್ಟೀಸ್ ತಡ. ಬಜ್ಜಿ ಕಟ್ಟಿಕೊಟ್ಟ ಹಳೇ ಪೇಪರನ್ನು ಎಣ್ಣೆ ಸಮೇತ ಬಿಡಿಸಿ ಓದಿ, ಮುಂದಿನ ಭಾಗ ಯಾರ ಬಜ್ಜಿಗೆ ಹೋಯಿತು ಎಂದು ಅಂಗಡಿಯವನನ್ನೇ ಕೇಳುತ್ತಿದ್ದರು. ನಮಗೆ ಕಾಲು ಉಳುಕಿದರೂ ಅಷ್ಟೇ. ಅಯ್ಯೋ ಪಾಪ ಎನ್ನುವವರಲ್ಲ. "ಏನಾಯ್ತು ಅನ್ನೋದು ಆಮೇಲೆ. ಯಾವಾಗ ಶುರುವಾಯ್ತು, ಅದನ್ನ ಹೇಳು." ಇದು ಅವರ ಮಂತ್ರ. ಹೊಟ್ಟೆನೋವಿರಲಿ, ಮನೆಯಲ್ಲಿ ಜಗಳವಿರಲಿ, ಮೊದಲ ಪ್ರಶ್ನೆ ಇದೇ.

ಅವರ ಚೀಲದಲ್ಲಿ ಕ್ರೇಪ್ ಬ್ಯಾಂಡೇಜ್, ನೋವಿನ ಸ್ಪ್ರೇ, ಜತೆಗೆ ಒಂದು ಮುಲಾಮಿನ ಟ್ಯೂಬ್ ಇರುತ್ತಿತ್ತು. ಕಬಡ್ಡಿಯಲ್ಲಿ ಮೈಗೆ ಮೈ ತಾಗದೆ ಆಟವೇ ಇಲ್ಲ. ಬೆವರು, ಮಣ್ಣು, ಮಂಡಿಗೆ ಹಾಕುವ ಒಬ್ಬಳ ನೀ ಕ್ಯಾಪ್ ಇನ್ನೊಬ್ಬಳಿಗೆ. ಹುಳುಕಡ್ಡಿ ಬರದೆ ಏನು ಬರುತ್ತದೆ? ಕೆಂಪು ಉಂಗುರ ಕಂಡ ಹುಡುಗಿಯನ್ನು ಟೂರ್ನಮೆಂಟಿನಲ್ಲಿ ಹೊರಗೆ ಕೂರಿಸುತ್ತಿದ್ದರು. ಅದಕ್ಕೇ ಈ ಟ್ಯೂಬ್. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಡುತ್ತಿದ್ದರು. ಹಚ್ಚಿದರೆ ಕೆಲವೇ ದಿನಗಳಲ್ಲಿ ಉಂಗುರ ಮಾಯ, ಕಡಿತವೂ ಮಾಯ. ಪಂದ್ಯ ಮುಗಿದ ಮೇಲೆ ಟ್ಯೂಬ್ ವಾಪಸ್ ಚೀಲಕ್ಕೆ. ಮೇಡಂ ತಾವು ಆಡುವ ಕಾಲದಿಂದಲೂ ಹೀಗೇ ಮಾಡುತ್ತಿದ್ದರಂತೆ. ಬೇರೆ ತಂಡದವರೂ ಇದನ್ನೇ ಮಾಡುತ್ತಿದ್ದರು. ಲಿಪ್‌ಸ್ಟಿಕ್ ಹಚ್ಚದ ಹುಡುಗಿಯರೂ ಇದನ್ನು ಹಚ್ಚುತ್ತಿದ್ದರು.

ನನ್ನ ಮಣಿಕಟ್ಟಿನಲ್ಲಿ, ಮಂಡಿಯ ಮೇಲೆ ಬಂದದ್ದು ಮಾತ್ರ ಹೋಗಿ ಹೋಗಿ ವಾಪಸ್ ಬರುತ್ತಿತ್ತು. ಪ್ರತಿ ಸಲ ಮೊದಲಿಗಿಂತ ದೊಡ್ಡದಾಗಿ. ಕೊನೆಗೆ ಅದು ಉಂಗುರವಾಗಿಯೂ ಉಳಿಯಲಿಲ್ಲ; ಗೋಡೆಗೆ ತೇವ ಹತ್ತಿದ ಹಾಗೆ ಅಂಕುಡೊಂಕಾಗಿ ಹರಡಿತು.

ಮೇಡಂ ನನ್ನ ಕೈಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. "ಯಾವಾಗ ಬರುತ್ತೆ ಇದು?"

"ಟ್ಯೂಬ್ ಬಿಟ್ಟ ಮೇಲೆ ಮೇಡಂ."

"ಹಚ್ಚಿದಾಗ ಹೋಗುತ್ತೆ, ಬಿಟ್ಟಾಗ ಬರುತ್ತೆ. ಹಂಗಾದ್ರೆ ಇದು ಹೋಗ್ತಾ ಇದ್ಯೋ, ಬಚ್ಚಿಟ್ಕೊಳ್ತಾ ಇದ್ಯೋ?"

ಅವರಿಗೆ ಅದು ತಲೆಯಲ್ಲಿ ಕೂತುಬಿಟ್ಟಿತು. ಸೆಲೆಕ್ಷನ್ನಿಗೆ ಒಂದು ವಾರವಿದ್ದಾಗ ನನ್ನನ್ನು ವಿಜಯನಗರದ ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು.

ಡಾಕ್ಟರು ನನ್ನ ಮಣಿಕಟ್ಟಿನಿಂದ ಚರ್ಮದ ಪುಡಿ ಕೆರೆದು, ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಫಂಗಸ್ ಇದೆ, ಚೆನ್ನಾಗಿಯೇ ಇದೆ ಎಂದರು. ಏನು ಹಚ್ಚುತ್ತಿದ್ದೀರಿ ಎಂದು ಕೇಳಿದಾಗ ಮೇಡಂ ಚೀಲದಿಂದ ಟ್ಯೂಬ್ ತೆಗೆದು ಚಾಚಿದರು. ಡಾಕ್ಟರು ಟ್ಯೂಬ್ ನೋಡಲಿಲ್ಲ. ಚಾಚಿದ ಕೈಯನ್ನೇ ನೋಡಿದರು.

"ಈ ಗೆರೆಗಳು ಯಾವಾಗಿಂದ ಇವೆ ಮೇಡಂ?"

ಅವರದೇ ಪ್ರಶ್ನೆ. ಮೇಡಂ ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು. ಆಮೇಲೆ ನಿಧಾನವಾಗಿ, "ಆಡೋವಾಗ್ಲೇ ಬಂದಿದ್ದು ಸಾರ್. ಎಕ್ಸರ್‌ಸೈಜ್ ಮಾಡಿ ಮಾಡಿ ಹಿಂಗಾಗಿದೆ ಅಂದ್ಕೊಂಡಿದ್ದೆ," ಎಂದರು.

"ಅಲ್ಲಿಗೂ ಇದನ್ನೇ ಹಚ್ತಾ ಇದ್ರಾ?"

"ವರ್ಷಗಟ್ಟಲೆ."

ಡಾಕ್ಟರು ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟರು. "ಇದರಲ್ಲಿ ಎರಡು ಔಷಧಿ ಇದೆ. ಒಂದು ಫಂಗಸ್ ಸಾಯ್ಸುತ್ತೆ, ಅದಕ್ಕೆ ಟೈಮ್ ಬೇಕು. ಇನ್ನೊಂದು ಸ್ಟೀರಾಯ್ಡ್. ಅದು ಕೆಂಪು, ಕಡಿತ ಬೇಗ ಇಳಿಸುತ್ತೆ. ಕಡಿತ ನಿಂತ ತಕ್ಷಣ ನೀವು ವಾಸಿಯಾಯ್ತು ಅಂತ ಬಿಟ್ಬಿಡ್ತೀರಿ, ಫಂಗಸ್ ಅಲ್ಲೇ ಇರುತ್ತೆ. ಸ್ಟೀರಾಯ್ಡ್ ಬಿದ್ದ ಚರ್ಮಕ್ಕೆ ಅದರ ಜೊತೆ ಹೋರಾಡೋ ಶಕ್ತಿ ಕಮ್ಮಿ, ಅದಕ್ಕೆ ಇನ್ನೂ ಹರಡುತ್ತೆ. ವರ್ಷಗಟ್ಟಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗುತ್ತೆ, ಗೆರೆ ಬೀಳುತ್ತೆ. ಆ ಗೆರೆ ಪೂರ್ತಿ ಹೋಗಲ್ಲ."

ಬೇರೆ ಯಾರಾದರೂ ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದರು. ಮೇಡಂ ಕುರ್ಚಿ ಮುಂದಕ್ಕೆಳೆದು ಕೂತರು. "ಹಂಗಾದ್ರೆ ಇದನ್ನ ಯಾಕ್ ಸಾರ್ ಮಾಡ್ತಾರೆ?"

ಡಾಕ್ಟರು ನಕ್ಕರು. "ಕೆಟ್ಟ ಔಷಧಿ ಅಲ್ಲ ಮೇಡಂ. ತುಂಬಾ ಉರಿ, ಊತ ಇದ್ದಾಗ ಕೆಲವರಿಗೆ ನಾವೇ ಕೊಡ್ತೀವಿ. ತೆಳ್ಳಗೆ, ನಾವು ಹೇಳಿದ ಜಾಗಕ್ಕೆ, ಹೇಳಿದಷ್ಟೇ ದಿನ. ಆಮೇಲೆ ಬರೀ ಫಂಗಸ್ ಔಷಧಿಗೆ ಬದಲಾಯಿಸ್ತೀವಿ. ಮುಖಕ್ಕೆ, ತೊಡೆಸಂದಿಗೆ, ಮಕ್ಕಳಿಗೆ ಕೇಳದೆ ಹಚ್ಚಲೇಬಾರದು. ಇದು ಪೌಡರ್ ಥರ ಎಲ್ಲರೂ ಹಂಚ್ಕೊಳ್ಳೋ ವಸ್ತು ಅಲ್ಲ."

ನನಗೆ ಬೇರೆ ಮುಲಾಮು, ಮಾತ್ರೆ ಬರೆದರು. ಹಳೇ ಟ್ಯೂಬ್ ಬಿಟ್ಟಮೇಲೆ ಸ್ವಲ್ಪ ದಿನ ಇನ್ನೂ ಕೆಂಪಾಗಬಹುದು, ಹೆದರಬೇಡ ಎಂದರು. ಹೋದ ಹಾಗೆ ಕಂಡರೂ ಹೇಳಿದಷ್ಟು ದಿನ ನಿಲ್ಲಿಸಬಾರದು. ಟವೆಲ್ಲು, ನೀ ಕ್ಯಾಪ್ ಯಾರದ್ದು ಯಾರಿಗೂ ಕೊಡಬಾರದು, ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ವಾಸಿಯಾಗುವವರೆಗೆ ಆಟ ಬೇಡ, ಇನ್ನೊಬ್ಬರಿಗೆ ಹತ್ತುತ್ತದೆ.

ಬಸ್ ಸ್ಟಾಪಿನಲ್ಲಿ ನಾನು ಅಳುತ್ತಲೇ ಕೇಳಿದೆ. "ಒಂದೇ ಒಂದು ವಾರ ಮೇಡಂ. ಹಳೇದನ್ನೇ ಹಚ್ಕೊಂಡು ಆಡಿಬಿಡ್ತೀನಿ. ಆಮೇಲೆ ಡಾಕ್ಟರ್ ಹೇಳಿದ್ದೆಲ್ಲ ಮಾಡ್ತೀನಿ."

"ನಾನೂ ಹಂಗೇ ಅಂದ್ಕೊಳ್ತಾ ಇದ್ದೆ ಕಣೇ. ಪ್ರತಿ ಸಲ."

"ಟ್ಯೂಬ್ ಕೊಟ್ಟಿದ್ದು ನೀವೇ ಅಲ್ವಾ?"

"ಹೌದು, ನಾನೇ," ಎಂದರು. ಸಮಜಾಯಿಷಿ ಇಲ್ಲ. "ಅದಕ್ಕೇ ಇನ್ನೊಂದು ಸಲ ಕೊಡಲ್ಲ."

ಅವತ್ತೇ ಅವರು ತಂಡದ ಹುಡುಗಿಯರ ಮನೆಮನೆಗೆ ಹೋದರು. ನಮ್ಮ ಮನೆಯಲ್ಲಿ ಅಮ್ಮ ಕಾಫಿ ಕೊಟ್ಟರೆ ಮುಟ್ಟಲಿಲ್ಲ. "ಮೊದಲು ಬೈದುಬಿಡಿ, ಆಮೇಲೆ ಕುಡೀತೀನಿ. ನಿಮ್ಮ ಮಗಳಿಗೆ ಹಚ್ಚಬಾರದ್ದನ್ನ ಹಚ್ಚಿಸ್ದೋಳು ನಾನು," ಎಂದರು. ಅಮ್ಮ ಬೈಯಲಿಲ್ಲ. ಕಪಾಟಿನಿಂದ ಇನ್ನೊಂದು ಟ್ಯೂಬ್ ತಂದಿಟ್ಟರು. "ಇದು ನಂದು. ಮುಖಕ್ಕೆ ಹಚ್ತೀನಿ. ಬೆಳ್ಳಗಾಗುತ್ತೆ ಅಂತ ಗಾರ್ಮೆಂಟ್ಸಲ್ಲಿ ನಮ್ಮ ಲೈನಲ್ಲಿ ಎಲ್ರೂ ಹಚ್ತಾರೆ." ಮೇಡಂ ಅಮ್ಮನ ಮುಖವನ್ನು ದೀಪದ ಕಡೆ ತಿರುಗಿಸಿ, "ಯಾವಾಗಿಂದ?" ಎಂದರು. ಮರುದಿನ ಅಮ್ಮನನ್ನೂ ಅದೇ ಡಾಕ್ಟರ ಹತ್ತಿರ ಕರೆದೊಯ್ದವರು ಅವರೇ.

ಸೆಲೆಕ್ಷನ್ ದಿನ ನಾನು ಗ್ಯಾಲರಿಯಲ್ಲಿ ಕೂತಿದ್ದೆ. ಮೇಡಂ ಆಯ್ಕೆದಾರರಿಗೆ ಇದ್ದದ್ದು ಇದ್ದ ಹಾಗೆ ಹೇಳಿದ್ದರು. ಒಬ್ಬರು, "ಎಲ್ಲಾ ಹುಡ್ಗೀರೂ ಹಚ್ಕೊಂಡೇ ಬರ್ತಾರೆ ಮೇಡಂ, ನಿಮ್ಮದೊಂದು ಹೊಸ ರಾಮಾಯಣ," ಎಂದು ನಕ್ಕರು. ನನ್ನ ಜಾಗಕ್ಕೆ ಬೇರೆ ತಂಡದ ಹುಡುಗಿ ಹೋದಳು. ಅವಳ ಮುಂಗೈ ಅನುಮಾನ ಬರುವಷ್ಟು ನುಣ್ಣಗಿತ್ತು.

ಸ್ಪೋರ್ಟ್ಸ್ ಕೋಟಾದ ಆ ಕೆಲಸ ನನಗೆ ಸಿಗಲೇ ಇಲ್ಲ. ಆದದ್ದೆಲ್ಲ ಒಳ್ಳೆಯದಕ್ಕೇ ಎಂದು ನಾನು ಹೇಳುವುದಿಲ್ಲ. ಅಮ್ಮ ಇನ್ನೂ ಎಷ್ಟೋ ವರ್ಷ ಕಾಲರ್ ಹೊಲಿದರು. ಈಗ ನಾನು ಅನ್ನಪೂರ್ಣೇಶ್ವರಿ ನಗರದ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ಪಂದ್ಯಕ್ಕೆ ಮುಂಚೆ ಮಕ್ಕಳ ಕೈಕಾಲು ಬಿಸಿಲಿಗೆ ಹಿಡಿದು ನೋಡುತ್ತೇನೆ, ಯಾವಾಗ ಶುರುವಾಯ್ತು ಎಂದು ಕೇಳುತ್ತೇನೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು ಆಡಿಕೊಳ್ಳುತ್ತವೆ.

ಹೋದ ವರ್ಷ ಮೇಡಂ ತೀರಿಕೊಂಡರು. ಹಳೇ ತಂಡದವರೆಲ್ಲ ಬಂದಿದ್ದೆವು, ಮಕ್ಕಳ ಸಮೇತ. ಗಾಜಿನ ಪೆಟ್ಟಿಗೆಯಲ್ಲಿ ಅವರ ಕೈ ಎದೆಯ ಮೇಲಿತ್ತು. ಮೊಣಕೈ ಒಳಗಿನ ಬಿಳಿ ಗೆರೆಗಳು ಹಾಗೇ ಇದ್ದವು. ನಮ್ಮ ಲೆಫ್ಟ್ ಕಾರ್ನರ್ ಗೆಳತಿಯ ಮಗಳು ಗಾಜಿಗೆ ಮೂಗು ಒತ್ತಿ, "ಅಜ್ಜಿ ಕೈಗೆ ಏನಾಗಿದೆ?" ಎಂದಳು.

"ಚಿರತೆ ಪರಚಿದ್ದು," ಎಂದಳು ಅವಳಮ್ಮ, ಅಳುತ್ತಲೇ. ಸಾವಿನ ಮನೆಯಲ್ಲಿ ನಾವಷ್ಟೂ ಜನ ಸೆರಗು ಬಾಯಿಗಿಟ್ಟುಕೊಂಡು ನಕ್ಕೆವು.

ಮಗು ನಂಬಲಿಲ್ಲ. ನನ್ನನ್ನು ನೋಡಿತು. ನಾನು ಅವಳನ್ನು ಪಕ್ಕಕ್ಕೆ ಕರೆದು ಟ್ಯೂಬಿನ ಕಥೆ ಹೇಳಿದೆ. "ಆಂಟಿ, ನೀವೂ ಹಚ್ಕೊಂಡಿದ್ರಲ್ಲ, ನಿಮ್ಮ ಕೈ ತೋರಿಸಿ," ಎಂದಳು.

ಕೈ ಚಾಚಿ ತೋರಿಸಿದೆ. ಅವಳು ಬೆರಳಿನಿಂದ ಸವರಿ, ತಿರುಗಿಸಿ, ಬೆಳಕಿಗೆ ಹಿಡಿದು ಹುಡುಕಿದಳು.

"ಏನೂ ಇಲ್ವಲ್ಲ," ಎಂದಳು.

"ಇಲ್ಲ," ಎಂದು ಪೆಟ್ಟಿಗೆಯ ಕಡೆ ತೋರಿಸಿದೆ. "ಅವರು ಗೆರೆ ಬೀಳಕ್ಕೆ ಬಿಡಲಿಲ್ಲ."