ಹೊಳಪಣ್ಣನ ತೊಟ್ಟಿಮದ್ದು

ಹೊಳಪಣ್ಣ ಕ್ರೋಮ್ ಲೇಪಿಸಿಕೊಟ್ಟ ನಲ್ಲಿಯಲ್ಲಿ ತನ್ನ ಬಣ್ಣ ಕಂಡ ಕಾಗೆಯೊಂದು ನಾಚಿಕೊಂಡು ವಾರವಿಡೀ ಕೂಗಲಿಲ್ಲವಂತೆ. ಕಂಡವರು ಯಾರು ಎಂದು ಕೇಳಬೇಡಿ. ಕಾಗೆಯ ಮಾನದ ಪ್ರಶ್ನೆ.

ಅವನ ಕಾರ್ಖಾನೆ ಎಂದರೆ ತಗಡು ಹೊದಿಸಿದ ಒಂದು ಉದ್ದ ಕೋಣೆ. ಕಂದುಗೆಂಪು ದ್ರಾವಣದ ತೊಟ್ಟಿ, ಅದರೊಳಗೆ ತಂತಿಯಿಂದ ಇಳಿಬಿಟ್ಟ ನಲ್ಲಿಗಳು, ಬಾಗಿಲ ಹಿಡಿಗಳು. ಕರೆಂಟು ಕೊಟ್ಟೊಡನೆ ದ್ರಾವಣ ಗುಳ್ಳೆಗಟ್ಟಿ, ತೆಳ್ಳಗೆ ಮಂಜೇಳುತ್ತಿತ್ತು. ಅರ್ಧ ಆಯುಸ್ಸು ಆ ಮಂಜನ್ನೇ ಉಸಿರಾಡಿ ಅವನ ಮೂಗಿನ ನಡುಗೋಡೆ ತೂತಾಗಿತ್ತು. ಒಂದು ಹೊಳ್ಳೆಗೆ ದಾರ ತೂರಿಸಿ ಇನ್ನೊಂದರಿಂದ ಎಳೆದು ನೆಂಟರ ಮಕ್ಕಳನ್ನು ನಗಿಸುತ್ತಿದ್ದ. ಹೆಂಡತಿ ಮಾತ್ರ ಎದ್ದು ಒಳಗೆ ಹೋಗುತ್ತಿದ್ದಳು.

ಅವನಿಗೆ ಬಾಯಾರಿಕೆ ಹತ್ತಿದಾಗ ಬೀದಿಯ ನೀರಿನ ಟ್ಯಾಂಕೇ ಬೆವರಿತು ಎನ್ನಬೇಕು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ನಾವೆಲ್ಲ ಚೇಷ್ಟೆ ಮಾಡಿದೆವು. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಕಾಯಿಲೆ. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, ಈ ಕಾಯಿಲೆಯಲ್ಲಿ ಕಾಲಿಗೆ ಗಾಯವಾದರೂ ತಿಳಿಯುವುದಿಲ್ಲ, ದಿನಾ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕೆಂದರು.

ಕೆಲವು ತಿಂಗಳು ನುಂಗಿದ. ಆಮೇಲೊಂದು ದಿನ ಔಷಧಿ ಅಂಗಡಿಯಲ್ಲಿ ಒಂದು ಡಬ್ಬಿ ಕಣ್ಣಿಗೆ ಬಿತ್ತು. ಸಕ್ಕರೆ ಇರುವವರಿಗೆ ಸತು, ಮೆಗ್ನೀಸಿಯಂ, ಕ್ರೋಮಿಯಂ ಎಂದಿತ್ತು. ಮನೆಗೆ ಬಂದವನ ಮುಖ ಅವನದೇ ನಲ್ಲಿಯಂತೆ ಹೊಳೆಯುತ್ತಿತ್ತು.

"ಏನೇ ಇವಳೇ, ಹಿತ್ತಲ ಗಿಡ ಮದ್ದಲ್ಲ ಅಂದೋರು ಯಾರು? ಜನ ದುಡ್ಡು ಕೊಟ್ಟು ಚಿಟಿಕೆ ಕ್ರೋಮಿಯಂ ನುಂಗ್ತಾರೆ. ನನ್ನ ಮೈಯೊಳಗೆ ಗಣಿನೇ ಇದೆ. ಕರಗಿಸಿದ್ರೆ ಲಾರಿಗೆ ಎರಡು ಬಂಪರ್ ಆಗುತ್ತೆ."

"ಸುಮ್ನೆ ಮಾತ್ರೆ ನುಂಗ್ರೀ."

"ಇನ್ನು ಮಾತ್ರೆ ಯಾಕೆ? ತೊಟ್ಟಿ ಮಂಜು ಇಲ್ವಾ?"

ಅವಳು ಅವನನ್ನು ಡಾಕ್ಟರಮ್ಮನ ಬಳಿ ಎಳೆದೊಯ್ದಳು.

"ಯಜಮಾನ್ರೇ, ಕಾಳು ಸೊಪ್ಪಲ್ಲಿರೋ ಕ್ರೋಮಿಯಂ ಬೇರೆ, ನಿಮ್ಮ ತೊಟ್ಟೀದು ಬೇರೆ. ನಿಮ್ಮದು ವಿಷ. ಮೂಗು ತಿಂದಿದ್ದೇ ಅದು. ಊಟದ್ದೂ ಅಷ್ಟೇ, ಮಾತ್ರೆಗೆ ಬದಲಿ ಅಲ್ಲ," ಎಂದರು ಅವರು.

"ಹೆಸರು ಒಂದೇ ತಾನೆ, ಡಾಕ್ಟರಮ್ಮ?"

"ಹಾವೂ ಉದ್ದ, ಹಗ್ಗಾನೂ ಉದ್ದ," ಎಂದಳು ಹೆಂಡತಿ. "ಹಾವು ಕಟ್ಟಿ ನೀರು ಸೇದ್ತೀರಾ?"

ಹೊಳಪಣ್ಣ ಹೊಟ್ಟೆ ಹಿಡಿದು ನಕ್ಕ. ಮಾತ್ರೆ ಮಾತ್ರ ಡಬ್ಬಿಯಲ್ಲೇ ಉಳಿಯಿತು. ಬಾಯಾರಿಕೆ ಇಂಗಲಿಲ್ಲ. "ಒಳಗೆ ಲೇಪ ಹಿಡಿಯೋಕೆ ಸ್ವಲ್ಪ ಹೊತ್ತು ಬೇಕು," ಎನ್ನುತ್ತಿದ್ದ.

ಒಂದು ಸಂಜೆ ಒಂದೇ ಚಪ್ಪಲಿಯಲ್ಲಿ ಮನೆಗೆ ಬಂದ. ಇನ್ನೊಂದು ಎಲ್ಲಿ ಜಾರಿತೋ ಕಾಲಿಗೆ ತಿಳಿದೇ ಇರಲಿಲ್ಲ. ಬೀದಿಗೆ ಬೀದಿಯೇ ನಕ್ಕಿತು. ಹೆಂಡತಿ ನಗಲಿಲ್ಲ. ಮರುದಿನ ಅವನು ನಡೆದ ಕಡೆಯೆಲ್ಲ ನೆಲದ ಮೇಲೆ ಒದ್ದೆ ಗುರುತು ಕಂಡಳು. ಮೂಗಿಗೆ ಸಿಹಿಸಿಹಿಯಾದ ಕೆಟ್ಟ ವಾಸನೆ ಬಡಿಯಿತು. ಅವನ ಮೂಗು ಅದನ್ನು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ.

"ಅಂಗಾಲು ನೋಡ್ಕೊಳ್ರೀ."

"ಮನೆ ಕನ್ನಡಿ ಯಾಕೆ? ನನ್ನ ಕೈಕೆಲಸದಲ್ಲೇ ನೋಡ್ತೀನಿ," ಎಂದು ಅಂದೇ ತೊಟ್ಟಿಯಿಂದ ತೆಗೆದ ಅಗಲವಾದ ಫಲಕವನ್ನು ನೆಲಕ್ಕಿಟ್ಟು, ಕುರ್ಚಿಯಲ್ಲಿ ಕೂತು, ಅದಕ್ಕೆ ತಾಗದಂತೆ ಮೇಲೆ ಕಾಲೆತ್ತಿ ಹಿಡಿದ.

ಫಲಕದ ನಡುವೆ ಕಪ್ಪು ಕಲೆಯೊಂದಿತ್ತು.

"ಛೆ, ಇಲ್ಲಿ ಲೇಪ ಕೂತಿಲ್ಲ," ಎಂದು ಬಟ್ಟೆ ತೆಗೆದುಕೊಂಡು ಒರೆಸಿದ. ಹೋಗಲಿಲ್ಲ. ಒತ್ತಿ ಉಜ್ಜಿದ.

ಹೆಂಡತಿ ಅವನ ಪಾದವನ್ನು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಕಲೆಯೂ ಸರಿಯಿತು.