ಬೀಗರಿಗೆ ಬೆನ್ನು ತೋರಿದ ಕೊಂಬು

ಟೆಂಪೋ ಸೊರಬದ ಬಸ್ ನಿಲ್ದಾಣ ದಾಟಿತು. ಹೊಸಬಾಳೆಯ ದಾರಿ ಹಿಡಿದ ಮೇಲೆ ನಮ್ಮ ಮದುವೆ ಬ್ಯಾಂಡಿನ ಮಾಲೀಕರು ಹಿಂದೆ ತಿರುಗಿ, ನನ್ನ ತೊಡೆಯ ಮೇಲಿದ್ದ, ಹಿತ್ತಾಳೆ ಕೊಳವೆ ಸುರುಳಿ ಸುತ್ತಿದ ಫ್ರೆಂಚ್ ಹಾರ್ನಿನತ್ತ ಗದ್ದ ಚಾಚಿ, ನನ್ನ ಪಕ್ಕದಲ್ಲಿ ಕೂತಿದ್ದ ಮೇಷ್ಟ್ರಿಗೆ ಹೇಳಿದರು:

"ಇವತ್ತೊಂದು ದಿನ ನೋಡ್ತೀನ್ರೀ. ಬೀಗರ ಕಡೆಯಿಂದ ಒಂದು ಮಾತು ಬಂತೋ, ಈ ಜಿಲೇಬಿ ನಿಮ್ಮನೆ ಅಟ್ಟಕ್ಕೆ. ಇವ್ನು ನಾಳೆಯಿಂದ ಟ್ರಂಪೆಟ್ ಹಿಡೀಲಿ."

"ಆಗ್ಲಿ" ಎಂದರು ಮೇಷ್ಟ್ರು, ಕಿಟಕಿಯಾಚೆ ನೋಡುತ್ತ. ಮೇಲಿನ ಮುಂದಿನ ಹಲ್ಲು ಹೋದ ಮೇಲೆ ಅವರ ಮಾತಿನಲ್ಲಿ ಅಕ್ಷರಕ್ಕಿಂತ ಗಾಳಿ ಹೆಚ್ಚು. ಬೇರೆ ದಿನವಾಗಿದ್ದರೆ ಆ ಗಾಳಿಯ ಸಮೇತ ಅಣಕಿಸಿ ಇಡೀ ಟೆಂಪೋವನ್ನು ನಗಿಸುತ್ತಿದ್ದೆ. ಮಾಲೀಕರು ಹೆಂಡತಿಯ ಫೋನ್ ಬಂದಾಗ ಸಣ್ಣಗಾಗುವ ಬಗೆ, ಕೆನ್ನೆ ಉಬ್ಬಿಸಿದಾಗ ಕಪ್ಪೆಯಾಗುವ ನನ್ನದೇ ಮುಖ, ಎಲ್ಲವೂ ನನ್ನ ಬಳಿ ತಯಾರಿರುತ್ತಿತ್ತು. ಅಂದು ಹಾರ್ನನ್ನೇ ಒರೆಸುತ್ತ ಕೂತೆ.

ಮೇಷ್ಟ್ರು ನಮ್ಮ ಶಿಕಾರಿಪುರದವರೇ. ಹರೆಯದಲ್ಲಿ ಪೊಲೀಸ್ ಬ್ಯಾಂಡ್ ಸೇರಿ ನಿವೃತ್ತಿಯವರೆಗೆ ಹಾರ್ನ್ ನುಡಿಸಿದವರು. ಊರಿಗೆ ಮರಳುವಾಗ ಹಳೆಯದೊಂದು ಹಾರ್ನ್ ಕೊಂಡು ತಂದರು. ನಮ್ಮ ಮಾಲೀಕರಿಗೆ ಬೇಕಿದ್ದದ್ದು ಹುಡುಗರಿಗೆ ಕಲಿಸುವ ಮೇಷ್ಟ್ರು ಮಾತ್ರ; ಹಾರ್ನ್ ಅವರ ಜೊತೆ ಬಂತು, ಮದುಮಗಳ ಜೊತೆ ಅಜ್ಜಿ ಬಂದ ಹಾಗೆ. ಊದಿದರು, ಕಲಿಸಿದರು, ಆಮೇಲೆ ತಾವೇ ರಾಗ ಕಟ್ಟತೊಡಗಿದರು. ಸಿನಿಮಾ ಹಾಡು ಬಾರಿಸಿ ಸವೆದ ಬ್ಯಾಂಡಿಗೆ, ಹೆಂಗಸರ ಸೋಬಾನೆ ಪದದ ಧಾಟಿಯಿಂದ ಒಂದು ಹೊಸ ರಾಗ. ದಿಬ್ಬಣ ಬಂದು ನಿಂತಾಗ ಡೋಲು ಸುಮ್ಮನಾಗಿ ಹಾರ್ನ್ ಒಂದೇ ನುಡಿಯಬೇಕು. ರಾಗ ಮುಗಿಯುವ ಹೊತ್ತಿಗೆ ಹಲ್ಲು ಬಿತ್ತು. ಹಲ್ಲಿಲ್ಲದೆ ತುಟಿಗೆ ಆಸರೆಯಿಲ್ಲ. ಕಟ್ಟಿಸಿದ ಹಲ್ಲು ಊದಿದರೆ ಅಲುಗುತ್ತಿತ್ತು. ಹಾರ್ನಿಗೆ ಉಳಿದ ಶಿಷ್ಯ ನಾನೊಬ್ಬ, ಅದೂ ಅವರ ನಡಿಗೆಯನ್ನು ಅವರ ಬೆನ್ನ ಹಿಂದೆಯೇ ಅಣಕಿಸಿ ಸಿಕ್ಕಿಬಿದ್ದವನು. "ನಡಿಗೆ ಕಲ್ತಾಯ್ತಲ್ಲ, ಊದೋದೂ ಕಲಿ ಕೋಡಂಗಿ" ಎಂದು ಅದನ್ನು ಕೈಗೆ ಕೊಟ್ಟಿದ್ದರು.

ಈ ವಾದ್ಯದ ಬಾಯಿ ಹಿಂದಕ್ಕೆ. ಊದುವುದು ಈ ಕಡೆ, ಕೇಳಿಸುವುದು ಬೆನ್ನ ಕಡೆ. ನಮ್ಮ ತಾಲೀಮಿನ ಶೆಡ್ಡಿನಲ್ಲಿ ಹಿಂದೆ ಗೋಡೆಯಿತ್ತು. ನಾದ ಅದಕ್ಕೆ ಬಡಿದು ಮುಂದೆ ಬರುತ್ತಿತ್ತು. ಹೆಣ್ಣಿನ ಊರಾದ ಹೊಸಬಾಳೆಯಲ್ಲಿ ಬೀಗರನ್ನು ಎದುರುಗೊಳ್ಳುವುದು ರಸ್ತೆಯ ಬದಿಯಲ್ಲಿ. ಚಪ್ಪರ ದೂರ, ನಮ್ಮ ಹಿಂದೆ ಬರೀ ಬಯಲು.

"ಇಲ್ಲಿ ಎಂತ ಮಾಡದು ಮೇಷ್ಟ್ರೇ?"

"ನಿನ್ ಪಾಳಿ ಬಂದಾಗ ತಿರುಗಿ ನಿಲ್ಲು."

"ಬೀಗರಿಗೆ ಬೆನ್ನು ಹಾಕಿ?"

"ಅವ್ರೇನು ನಿನ್ ಮುಖ ನೋಡಕ್ಕೆ ಬಂದಿದಾರಾ?"

ಮಾಲೀಕರ ಕಿವಿ ಚುರುಕು. "ತಿರುಗಿದ್ಯೋ, ಅಲ್ಲಿಗೆ ಮುಗೀತು" ಎಂದರು.

ದಿಬ್ಬಣ ಬಂತು. ಗಂಡಿನವರು ಆನವಟ್ಟಿಯ ಆಚೆಯವರು, ಕುರಿ ಸಾಕುವ ಮನೆತನ. ಎಲ್ಲರ ಮುಂದೆ ಮದುಮಗನ ಸೋದರಮಾವ, ತಲೆಗೆ ಮುಂಡಾಸು, ತಗಡಿನ ಮೇಲೆ ಕಲ್ಲೆಳೆದಂಥ ದನಿ. ಕಾಲಿಗೆ ನೀರು ಕೊಟ್ಟರು, ಆರತಿ ಎತ್ತಿದರು. ಡೋಲು ನಿಂತಿತು. ನಾನು ಬೀಗರತ್ತ ಮುಖ ಮಾಡಿಯೇ ಊದಿದೆ.

ಮೊದಲ ಸಾಲು ಬಯಲಿಗೆ ಹೋಯಿತು. ಎರಡನೆಯದೂ ಹೋಯಿತು. ಯಾರೋ ಹೆಂಗಸು ಕೇಳಿದಳು: "ಇವ ಊದ್ತಿದ್ನ, ಸುಮ್ನೆ ಹಿಡ್ಕಂಡಿದ್ನ ಮಾರಾಯ್ತಿ?" ಒಬ್ಬೊಬ್ಬರೇ ಫೋನು ತೆಗೆದು ಅದರೊಳಗೆ ಮುಳುಗಿದರು. ಮೇಷ್ಟ್ರು ಕಣ್ಣು ಮುಚ್ಚಿ ನಿಂತಿದ್ದರು, ಕೇಳುತ್ತಿರಲಿಲ್ಲ, ಕಾಯುತ್ತಿದ್ದರು. ನಾನು ತಿರುಗಿದೆ.

ನಾದ ಒಮ್ಮೆಲೆ ಅವರ ಮೇಲೆ ಬಿದ್ದಿರಬೇಕು. ಬೆನ್ನ ಹಿಂದಿನ ಗುಸುಗುಸು ನಿಂತಿತು. ಮರುಕ್ಷಣವೇ ಆ ತಗಡಿನ ದನಿ:

"ಏಯ್, ನಿಲ್ಸೋ! ಏನ್ರೀ ಇದು? ಕರೆಸಿ ಬೆನ್ನು ತೋರ್ಸೋದು ನಿಮ್ ಕಡೆ ಪದ್ಧತಿ ಏನು?"

ಹೆಣ್ಣಿನ ಅಪ್ಪನ ಮುಖ ಬೂದಿಯಾಯಿತು. ಮಾಲೀಕರ ಕೈ ಆಗಲೇ ನನ್ನ ಕಾಲರಿನಲ್ಲಿತ್ತು. ಮೇಷ್ಟ್ರು ಮುಂದೆ ಬಂದು "ಸ್ವಾಮಿ, ಈ ವಾದ್ಯ ಇರೋದೇ..." ಎಂದು ಶುರು ಮಾಡಿದರು, ಹಲ್ಲಿನ ಸಂದಿಯಲ್ಲಿ ಮಾತು ಸೋರಿಹೋಯಿತು. ಸೋದರಮಾವ ಮುಂಡಾಸು ಬಿಚ್ಚಿ ಹೆಗಲಿಗೆ ಹಾಕಿಕೊಂಡ. ನಮ್ಮ ಕಡೆ ಅದು ಒಳ್ಳೆಯ ಲಕ್ಷಣವಲ್ಲ.

ಹೆದರಿದಾಗ ನನ್ನ ಗಂಟಲಿಗೆ ಎದುರಿನವರ ದನಿಯೇ ಬರುತ್ತದೆ. ಶಾಲೆಯಲ್ಲಿ ಅದಕ್ಕೇ ಹೆಚ್ಚು ಏಟು ತಿಂದದ್ದು. ಅವತ್ತೂ ಬಂತು, ಅದೇ ತಗಡು, ಅದೇ ಕಲ್ಲು:

"ಏನ್ ಮಾವ, ಕುರಿ ಸಾಕೋರಿಗೆ ನಾನು ಹೇಳ್ಬೇಕಾ? ಹಿಂಡಿನ ಮುಂದೆ ಹೋಗೋ ಟಗರು ಹಿಂಡಿಗೆ ಬೆನ್ನು ತೋರ್ಸದೆ ಇನ್ನೇನ್ ತೋರ್ಸುತ್ತೆ?"

ಹೇಳಿದ ಮೇಲೆ ಅರ್ಥವಾಯಿತು: ಬೀಗರನ್ನು ಕುರಿ ಎಂದಿದ್ದೆ, ಅವರದೇ ದನಿಯಲ್ಲಿ. ಮಾಲೀಕರು ನನ್ನ ಕಾಲರನ್ನು ಇನ್ನೊಂದು ಸುತ್ತು ತಿರುಚಿದರು. ಬಾಸಿಂಗದ ಕೆಳಗೆ ಮದುಮಗ ಕರವಸ್ತ್ರ ಬಾಯಿಗೊತ್ತಿಕೊಂಡ. ಭುಜ ಕುಣಿಯುತ್ತಿತ್ತು.

ಸೋದರಮಾವ ಅವನನ್ನು ನೋಡಿದ, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಟಗರಂತೆ ಟಗರು! ಮೈಯಾಗೆ ಹಿಡಿ ಉಣ್ಣೆ ಇಲ್ಲ."

"ಮೊನ್ನೆ ತಾನೆ ಕತ್ತರಿಸಿದಾರೆ ಮಾವ."

"ನಡಿ ಮುಂದೆ! ನಿಂತ್ಯೋ, ಕಡಿಯೋದೇ."

ನಡೆದೆ. ಚಪ್ಪರದವರೆಗೆ ಊದುತ್ತ ನಡೆದೆ, ದಿಬ್ಬಣ ಹಿಂದೆ ಬಂತು. ನಿಂತು ನುಡಿಸಲು ಕಟ್ಟಿದ ರಾಗವದು. ಕಾಲು ಓಡುತ್ತಿತ್ತು, ಉಸಿರು ಕುಂಟುತ್ತಿತ್ತು. ನಡುವೆ ಒಂದು ಉದ್ದನೆಯ ಸ್ವರ, ಮಗಳನ್ನು ಕೊಡುವ ಮನೆಯ ನಿಟ್ಟುಸಿರಿನಂಥದ್ದು. ಅದು ಅರ್ಧಕ್ಕೇ ಒಡೆಯಿತು. ಬೀಗರಿಗೆ ಗೊತ್ತಾಗಲಿಲ್ಲ.

ಊಟದ ಪಂಕ್ತಿಯಿಂದಲೇ ಸೋದರಮಾವ ಕೂಗಿ ಹೇಳಿದ: "ಹೆಣ್ಣು ಕರ್ಕಂಡು ಹೋಗೋವಾಗ್ಲೂ ಆ ಬೋಳು ಟಗರೇ ಮುಂದಿರ್ಲಿ." ಮಾಲೀಕರು ಬಗ್ಗಿ, "ಅದಕ್ಕೇ ಅಲ್ವೇನ್ರೀ ನಾವು ಇವ್ನನ್ನ ಸಾಕಿರೋದು" ಎಂದರು.

ಮೇಷ್ಟ್ರು ಎಲೆಯ ಮುಂದಿನಿಂದ ಎದ್ದು ನನ್ನನ್ನು ಚಪ್ಪರದ ಹಿಂದಕ್ಕೆ ಕರೆದರು.

"ನಿಂತು ಕೇಳೋ ರಾಗ ಅದು. ಕುರಿ ಹೊಡೆದಂಗೆ ಹೊಡ್ಕಂಡು ಹೋದೆ."

"ಹಂಗಾದ್ರೆ ನಡೀತಾ ಊದಲ್ಲ ಅಂತ ಹೇಳ್ಲಾ?"

"ಹೇಳು. ಹಾರ್ನ್ ಅಟ್ಟಕ್ಕೆ ಹೋಗುತ್ತೆ."

ಅಂಗೈಯಿಂದ ತೊಡೆಗೆ ತಾಳ ತಟ್ಟುತ್ತ, ನನ್ನನ್ನು ಹಿಂದೆ ಮುಂದೆ ನಡೆಸಿದರು. ರಾಶಿ ಬಿದ್ದ ಎಂಜಲೆಲೆಗಳ ಪಕ್ಕದಲ್ಲಿ ಊದಿದೆ. ಮತ್ತೆ ಅದೇ ಜಾಗದಲ್ಲಿ ಒಡೆಯಿತು.

"ಆ ಉದ್ದದ ಸ್ವರ ತೆಗ್ದು ಹಾಕು" ಎಂದರು.

"ಮೇಷ್ಟ್ರೇ, ರಾಗದಾಗೆ ಚೆಂದ ಇರೋದೇ ಅದು."

"ಗೊತ್ತು, ಕಟ್ಟಿದೋನು ನಾನು. ತೆಗಿ. ನಡಿ."