ಚನ್ನಮಲ್ಲಮ್ಮನ ಮಂಗಳವಾರದ ಹಾಲು

ಹೊಂಗೆಪುರದ ಮಹಿಳಾ ಹಾಲಿನ ಸಂಘಕ್ಕೆ ಚನ್ನಮಲ್ಲಮ್ಮನನ್ನು ಅಧ್ಯಕ್ಷೆ ಮಾಡಿದವರ ಲೆಕ್ಕಾಚಾರವೇ ಬೇರೆ ಇತ್ತು. ದೊಡ್ಡ ಮನೆತನ, ಕೊಟ್ಟಿಗೆಯಲ್ಲಿ ಆರು ಹಸು, ಗಂಡ ಕೆಂಪನಂಜಪ್ಪನಿಗೆ ಯಳಂದೂರಿನವರೆಗೂ ಹೆಸರು. ಕುರ್ಚಿಯಲ್ಲಿ ಕೂತು, ಹಾರ ಹಾಕಿಸಿಕೊಂಡು, ತೋರಿಸಿದ ಕಡೆ ಸಹಿ ಹಾಕುತ್ತಾಳೆ ಅಂದುಕೊಂಡಿದ್ದರು. ಆಯಮ್ಮ ಮೊದಲ ದಿನವೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನಲ್ಲಿಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ನಲವತ್ತು ಲೀಟರಿನ ಕ್ಯಾನಿನೊಳಕ್ಕೆ ಭುಜದವರೆಗೂ ಕೈ ಬಿಟ್ಟಾಗ ಹೆಂಗಸರೆಲ್ಲ ಬಾಯಿ ಮೇಲೆ ಕೈ ಇಟ್ಟುಕೊಂಡರು.

“ದೊಡ್ಡವ್ವ, ಎದ್ದೇಳಿ ಮೇಲಕ್ಕೆ. ನೋಡ್ದೋರು ಏನಂದಾರು?” ಎಂದಳು ಕಾರ್ಯದರ್ಶಿ ಶೃತಿ. ಅದೇ ಬೀದಿಗೆ ಸೊಸೆಯಾಗಿ ಬಂದು, ಪಿಯುಸಿ ಓದಿದ್ದಾಳೆ ಅಂತ ಸಂಘದ ಪುಸ್ತಕ ಬರೆಯಲು ಸೇರಿದ್ದ ಹುಡುಗಿ.

“ಏನಂದಾರು? ಕ್ಯಾನು ತೊಳೀತಾವ್ಳೆ ಅಂದಾರು. ನೀನೂ ಒಸಿ ಒಳಿಕ್ಕೆ ಕೈ ಆಡ್ಸಿ ನೋಡು, ಜಿಡ್ಡು ಎಂಗದೆ ಅಂತ.”

ಇದು ಏಳು ವರ್ಷದ ಹಿಂದಿನ ಮಾತು. ಅಗರದ ರಸ್ತೆ ಬಿಟ್ಟು ಎರಡು ಮೈಲಿ ಒಳಗಿರುವ ಊರು. ಅಲ್ಲಿ ಹೆಂಗಸರದೇ ಒಂದು ಡೈರಿ ಮೂರು ತಿಂಗಳು ಬಾಳಿದರೆ ಹೆಚ್ಚು ಅಂತ ಜಗಲಿ ಮೇಲಿನ ಗಂಡಸರು ಆಡಿಕೊಂಡಿದ್ದರು. ಚನ್ನಮಲ್ಲಮ್ಮ ಓದಿದ್ದು ಸತ್ತೇಗಾಲದ ಸ್ಕೂಲಿನಲ್ಲಿ ಏಳನೇ ಕ್ಲಾಸು. ಸಂಘ ನಡೆಸುವುದು ಹೇಗೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ಆಕೆಗೆ ಗೊತ್ತಿದ್ದದ್ದು ಕೇಳುವುದು ಒಂದೇ. ಹಾಲು ಅಳೆಯುವಾಗ ಒಬ್ಬೊಬ್ಬರನ್ನೂ ಕೇಳುತ್ತಿದ್ದಳು: “ಇವತ್ತೇನು ತೊಡಕಾಯ್ತವ್ವ?”

ಮೊದಮೊದಲು ಯಾರೂ ತುಟಿ ಬಿಚ್ಚಲಿಲ್ಲ. ದೊಡ್ಡ ಮನೆಯ ಹೆಂಗಸಿನ ಎದುರು ತೊಡಕು ಹೇಳುವುದುಂಟೇ! ಬರುಬರುತ್ತಾ ಬಾಯಿ ಬಂತು. ಬಿಸಿಲಲ್ಲಿ ನಿಂತು ಸಾಕಾಯ್ತು ಅಂದರು, ತೆಂಗಿನ ಗರಿಯ ಚಪ್ಪರ ಎದ್ದಿತು. ಕ್ಯಾನನ್ನು ಒದ್ದೆಯಲ್ಲೇ ಮುಚ್ಚಿಡುತ್ತೀರಿ ಅಂದರು, ಬೋರಲು ಹಾಕಿ ಒಣಗಿಸಲು ಬಿದಿರಿನ ಅಟ್ಟಣೆ ಬಂತು. ಸ್ಕೂಲಿಗೆ ಹೋಗುವ ಮಕ್ಕಳಿರುವವರ ಹಾಲನ್ನು ಮೊದಲು ಅಳೆಯುವ ಪದ್ಧತಿಯೂ ಹಾಗೇ ಬಂದದ್ದು, ಅದಕ್ಕೆ ಮಾತ್ರ ಎರಡು ದಿನ ಜಗಳವಾಯಿತು. ಮೂರು ತಿಂಗಳಿಗೆ ಮುಚ್ಚಬೇಕಿದ್ದ ಡೈರಿ ಏಳು ವರ್ಷ ನಡೆಯಿತು. ಜಗಲಿಯವರು ಬೇರೆ ವಿಷಯ ಹುಡುಕಿಕೊಂಡರು.

ಕಷ್ಟ ಬಂದದ್ದು ಈ ವರ್ಷ ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ. ಹಾಲಿನ ವ್ಯಾನಿಗೆ ಇನ್ನೂ ಮೂರು ಊರು ಸೇರಿಸಿದ್ದರಿಂದ ಶೀತಲ ಕೇಂದ್ರ ಮುಟ್ಟುವುದು ಒಂದು ಗಂಟೆ ತಡವಾಗುತ್ತಿತ್ತು. ಒಂದು ಮಂಗಳವಾರ ಡ್ರೈವರ್ ನಿಂಗರಾಜು ತುಂಬಿದ ಕ್ಯಾನುಗಳನ್ನು ವಾಪಸ್ ತಂದು ಇಳಿಸಿದ.

“ಕಾಯ್ಸಿದ್ ತಕ್ಷಣ ಒಡೆದೋಯ್ತು ಕಣ್ರವ್ವ. ತಕಳಕ್ಕಿಲ್ಲ ಅಂದ್ರು.”

ಅದರ ಮುಂದಿನ ಮಂಗಳವಾರವೂ ಹಾಗೇ ಆಯಿತು. ಅದರಾಚೆಯದಕ್ಕೂ. ನಾಲ್ಕನೇ ಮಂಗಳವಾರ ಕ್ಯಾನಿನ ಜೊತೆ ಶೀತಲ ಕೇಂದ್ರದ ಸೂಪರ್‌ವೈಸರೇ ಬಂದರು. ಇನ್ನೊಂದು ಸಲ ಹಾಲು ಒಡೆದರೆ ಇಲ್ಲಿಗೆ ವ್ಯಾನು ಬರುವುದಿಲ್ಲ, ಮೇನ್ ರೋಡಿನ ಗಂಡಸರ ಡೈರಿಗೇ ಹೋಗಿ ಹಾಕಿ ಅಂತ ಖಡಾಖಂಡಿತವಾಗಿ ಹೇಳಿ ಬೈಕು ಹತ್ತಿದರು. ಮೇನ್ ರೋಡೆಂದರೆ ಎರಡು ಮೈಲಿ. ದಿನಕ್ಕೆ ಎರಡು ಹೊತ್ತು ಅಷ್ಟು ದೂರ ಹೊತ್ತುಕೊಂಡು ಹೋಗುವವರು ಯಾರು? ಬೈಕಿರುವ ಗಂಡಸರು. ಆಮೇಲೆ ಪಾಸ್‌ಬುಕ್ಕೂ ಅವರ ಜೇಬಿಗೇ. ಒಂದೇ ಹಸುವಿನ ಹೆಂಗಸರು ಹಸು ಮಾರುವುದೇ ಸೈ.

ಊರಿಗೆ ಒಬ್ಬರು ತಪ್ಪಿತಸ್ಥರು ಬೇಕಾಗಿತ್ತು. ಸಿಕ್ಕಿದವಳು ಸೋಮಮ್ಮ. ಊರಾಚೆ ಒಂಟಿ ಮನೆ, ಒಂದು ಹಸು. ಸೋಮವಾರ ಮಾತ್ರ ದೂರದ ತೋಟಕ್ಕೆ ಕೂಲಿಗೆ ಹೋಗುತ್ತಾಳೆ, ಆ ಸಂಜೆ ಡೈರಿಗೆ ಬರುವುದಿಲ್ಲ. ಹಾಗಾದರೆ ಸೋಮವಾರ ಸಂಜೆಯ ಹಳೇ ಹಾಲನ್ನು ಮಂಗಳವಾರದ ಹಾಲಿಗೆ ಬೆರೆಸಿ ತರುತ್ತಾಳೆ, ಇನ್ನೇನು! ಆಯ್ತು, ತೀರ್ಪೂ ಆಗಿಹೋಯಿತು. ಎರಡನೇ ವಾರದಿಂದಲೇ ಶೃತಿ ಸೋಮಮ್ಮನ ಪಾತ್ರೆಯನ್ನು ಎಲ್ಲರ ಎದುರು ಮೂಸಿ ನೋಡಿ ಆಮೇಲೆ ಅಳೆಯುತ್ತಿದ್ದಳು. ಉಳಿದ ಯಾರ ಪಾತ್ರೆಯನ್ನೂ ಮೂಸುತ್ತಿರಲಿಲ್ಲ. ಚನ್ನಮಲ್ಲಮ್ಮ ಅಲ್ಲೇ ನಿಂತಿದ್ದಳು, ನೋಡಿದಳು, ಸುಮ್ಮನಿದ್ದಳು. ಸೋಮಮ್ಮ ತಲೆ ತಗ್ಗಿಸಿ ಹಾಲು ಸುರಿದು ಹೋಗುತ್ತಿದ್ದಳು.

“ಕರೆಸಿ ಕೇಳ್ಬಿಡೋಣ ದೊಡ್ಡವ್ವ. ಒಬ್ಬಳಿಗೋಸ್ಕರ ಎಲ್ಲಾರ ಡೈರಿ ಮುಚ್ಚೋದಾ?” ಎಂದಳು ಶೃತಿ.

“ಕರ್ಸದೇನು ಬ್ಯಾಡ. ನಾನೇ ಓಯ್ತೀನಿ.”

ಬುಧವಾರ ಬೆಳಕು ಹರಿಯುವ ಹೊತ್ತಿಗೆ ಚನ್ನಮಲ್ಲಮ್ಮ ಸೋಮಮ್ಮನ ಮನೆ ಮುಂದೆ ನಿಂತಿದ್ದಳು. ಏಳು ವರ್ಷದಲ್ಲಿ ಅಲ್ಲಿಗೆ ಹೋದದ್ದು ಅದೇ ಮೊದಲು. ಸೋಮಮ್ಮ ಗಾಬರಿಯಾಗಿ ಎದ್ದು ನಿಂತಳು. “ನೀನು ಕರಿ ತಾಯಿ, ನಾನು ಕರ ಇಡ್ಕತೀನಿ,” ಎಂದು ಚನ್ನಮಲ್ಲಮ್ಮ ಕರುವಿನ ಹಗ್ಗಕ್ಕೆ ಕೈ ಹಾಕಿದಳು. ಕೆಚ್ಚಲು ತೊಳೆದದ್ದನ್ನು ನೋಡಿದಳು, ಬೋರಲು ಹಾಕಿದಲ್ಲೇ ಒಣಗಿ ಗಣಗಣ ಅನ್ನುವ ಪಾತ್ರೆ ನೋಡಿದಳು. ಎತ್ತಿ ಆಡಲು ಒಂದು ತಪ್ಪಿಲ್ಲ.

“ಸೋಮಾರ ಸಂಜೆ ಆಲು ಏನ್ಮಾಡ್ತೀಯ ಸೋಮಮ್ಮ?”

“ಕರಿಯದೇ ಇಲ್ಲ ಕಣ್ರಮ್ಮಾವ್ರೆ. ಮಾದಪ್ಪನ ವಾರ. ಅವತ್ತೊಂದು ಸಂಜೆ ಕರ ವಟ್ಟೆ ತುಂಬ ಕುಡ್ಕಳ್ಳಿ ಅಂತ ಬುಟ್ಬುಡ್ತೀನಿ. ಪಾತ್ರೆ ಬೆಳಗ್ಗೆನೇ ತೊಳ್ದು ಬೋರ್ಲಾಕಿರ್ತೀನಿ.”

“ಒಂದು ಅನಿನೂ ಉಳ್ಸಕಿಲ್ವಾ ಪಾತ್ರೇಲಿ?”

ಸೋಮಮ್ಮ ನಕ್ಕುಬಿಟ್ಟಳು. “ಆಲಿನ ಪಾತ್ರೆ ಬರಿದಾಗ್ಬಾರ್ದು ಅಂತ ಉಳ್ಸದು ನಿಮ್ಮಂಥೋರ ಮನೇಲಿ. ನಮ್ಮಂಥೋರು ಉಳ್ಸಕ್ಕೆ ಎಲ್ಲಿಂದ ತರನ? ಇರದ್ನೆಲ್ಲ ತಂದು ನಿಮ್ ಕ್ಯಾನಿಗೆ ಉಯ್ದುಬುಡ್ತೀನಿ.”

ಹಗ್ಗ ಚನ್ನಮಲ್ಲಮ್ಮನ ಕೈಯಿಂದ ಜಾರಿ ಕರು ಓಡಿಹೋಗಿ ಕೆಚ್ಚಲಿಗೆ ಬಾಯಿ ಹಾಕಿದರೂ ಅವಳಿಗೆ ತಿಳಿಯಲಿಲ್ಲ.

ಸೋಮವಾರ ಶಿವನ ವಾರ. ಆ ಸಂಜೆ ಹಾಲಿನ ಪಾತ್ರೆ ಪೂರ್ತಿ ಬರಿದು ಮಾಡಬಾರದು, ಒಂದು ಬೊಗಸೆ ಬಿಡಬೇಕು, ತೊಳೆಯಬಾರದು, ಮಂಗಳವಾರ ಬೆಳಗ್ಗೆ ಅದರ ಮೇಲೇ ಕರೆಯಬೇಕು. ಹಾಗಿದ್ದರೆ ಮನೆಯಲ್ಲಿ ಹಾಲು ಬತ್ತುವುದಿಲ್ಲ. ಇದು ಅವಳ ಅತ್ತೆ ಹೇಳಿಕೊಟ್ಟದ್ದು. ಅತ್ತೆ ಅಂದರೆ ಅವಳಿಗೆ ಪ್ರಾಣ. ಬೀದಿಗೆ ಬಂದ ಸೊಸೆಯರಿಗೆಲ್ಲ ಅದನ್ನು ಕಲಿಸಿದವಳೂ ಇವಳೇ. ಚಳಿಗಾಲದಲ್ಲಿ, ವ್ಯಾನು ಬೇಗ ಮುಟ್ಟುತ್ತಿದ್ದಾಗ ಏನೂ ತಿಳಿದಿರಲಿಲ್ಲ. ಈಗ ಈ ಸೆಕೆಗೆ, ಆ ಬೀದಿಯ ಹನ್ನೆರಡು ಮನೆಯ ಪಾತ್ರೆಗಳ ತಳದಲ್ಲಿ ರಾತ್ರಿಯೆಲ್ಲ ಹುಳಿಯಾದ ಹಾಲು ಮಂಗಳವಾರದ ಕ್ಯಾನಿಗೆ ಹೆಪ್ಪು ಹಾಕುತ್ತಿತ್ತು. ಊರವರನ್ನೆಲ್ಲ ತೊಡಕು ಕೇಳಿದವಳು ತನ್ನ ಮನೆಯ ಪಾತ್ರೆಯೊಳಗೆ ಬಗ್ಗಿ ನೋಡಿರಲಿಲ್ಲ.

ಕೆಂಪನಂಜಪ್ಪ ವಿಷಯ ಕೇಳಿ ಮೀಸೆ ತೀಡಿದ. “ಅದ್ಕೇನೀಗ? ಎಲ್ರೂ ಪಾತ್ರೆ ತೊಳ್ಕ ಬನ್ನಿ ಅಂತ ಏಳು, ಮುಗೀತು. ನಾನೇ ಮಾಡ್ದೆ, ನಾನೇ ಕಲಿಸ್ದೆ ಅಂತ ಬೀದೀಲಿ ಡಂಗೂರ ಯಾಕ್ ಸಾರ್ತೀಯ? ಮರ್ವಾದೆ ಬ್ಯಾಡ್ವಾ?”

“ಸೋಮಮ್ಮಂಗೆ ಮರ್ವಾದೆ ಇಲ್ವಾ? ಪಾತ್ರೆ ತೊಳೀರಿ ಅಂದ್ರೆ ಆಲು ಸರಿಯಾದದು. ಅವ್ಳ ಮ್ಯಾಲಿರೋ ಮಾತು ಎಂಗೋದದು?”

ಕೆಂಪನಂಜಪ್ಪ ಟವೆಲ್ ಕೊಡವಿ ಹೊರಗೆ ಹೋದ.

ಭಾನುವಾರ ಚಪ್ಪರದ ಕೆಳಗೆ ಎಲ್ಲರನ್ನೂ ಕೂರಿಸಿಕೊಂಡು ಚನ್ನಮಲ್ಲಮ್ಮ ನಿಂತಳು. ಭಾಷಣ ಮಾಡಿ ಗೊತ್ತಿಲ್ಲದ ಹೆಂಗಸು. “ಆಲು ಒಡೆದದ್ದು ಸೋಮಮ್ಮನಿಂದ ಅಲ್ಲ. ನನ್ನಿಂದ. ಸೋಮಾರ ಪಾತ್ರೇಲಿ ಬೊಗಸೆ ಆಲು ಬುಡೋ ಪದ್ಧತಿಯಿಂದ್ಲೇ ಒಡೆದದ್ದು, ಅದ್ನ ನಿಮಗೂ ನಾನೇ ಕಲ್ಸಿದ್ದು. ಅವ್ಳ ಪಾತ್ರೆ ಮೂಸುವಾಗ ಬಾಯ್ ಮುಚ್ಕಂಡು ನಿಂತಿದ್ದೋಳೂ ನಾನೇ. ತಪ್ಪಾಯ್ತು ಸೋಮಮ್ಮ,” ಎಂದು ಅಷ್ಟು ಜನರ ಎದುರು ಕೈ ಮುಗಿದಳು. ಸೋಮಮ್ಮ ಮುಖ ತಿರುಗಿಸಿಕೊಂಡು ಕೂತಿದ್ದಳು.

ಗುಸುಗುಸು ಎದ್ದಿತು. ಹಿರಿಯಳೊಬ್ಬಳು ಎದ್ದೇಬಿಟ್ಟಳು: “ಪಾತ್ರೆ ಬರಿದು ಮಾಡುದ್ರೆ ಮನೆ ಲಕ್ಷ್ಮಿ ಎದ್ದೋಗಕಿಲ್ವಾ?”

“ಬೊಗಸೆ ಆಲು ಬ್ಯಾರೆ ಬಟ್ಲಿಗೆ ಉಯ್ದು ದೇವ್ರ ಮುಂದೆ ಮಡಗಿ ಅಕ್ಕ. ಅಲ್ಲಿದ್ರೆ ಲಕ್ಷ್ಮಿ ಬ್ಯಾಡ ಅಂದಾಳಾ? ಕರಿಯೋ ಪಾತ್ರೆ ಮಾತ್ರ ಕ್ಲೀನಾಗಿರ್ಲಿ.”

ಸೋಮವಾರ ಸಂಜೆ ತನ್ನ ಪಾತ್ರೆಯನ್ನು ಕೊನೇ ಹನಿಯವರೆಗೂ ಬಗ್ಗಿಸಿ, ತೊಳೆದು, ಬೋರಲು ಹಾಕುವಾಗ ಚನ್ನಮಲ್ಲಮ್ಮನಿಗೆ ಅತ್ತೆ ನೆನಪಾಗಿ ಕಣ್ಣಲ್ಲಿ ನೀರು ಬಂತು. ಮಂಗಳವಾರ ನಿಂಗರಾಜು ಕ್ಯಾನು ಹೇರಿಕೊಂಡು ಹೋದ ಮೇಲೆ ಒಬ್ಬ ಹೆಂಗಸೂ ಮನೆಗೆ ಹೋಗಲಿಲ್ಲ. ಒಲೆ ಮೇಲೆ ಏನಿಟ್ಟಿದ್ದರೋ ಅದರ ಗತಿ ದೇವರೇ ಬಲ್ಲ. ಒಂಬತ್ತೂವರೆಗೆ ಶೃತಿಯ ಫೋನು ಬಡಿದುಕೊಂಡಿತು. ಸ್ಪೀಕರಿಗೆ ಹಾಕಿದಳು.

“ಪಾಸಾಯ್ತು ಕಣ್ರವ್ವೋ! ಎಲ್ಡು ಸಲ ಕಾಯ್ಸಿ ನೋಡುದ್ರು, ಒಡಿನಿಲ್ಲ!” ನಿಂಗರಾಜು ಆ ಕಡೆಯಿಂದ ಕಿರುಚುತ್ತಿದ್ದ.

ಏನು ಕೇಳುತ್ತೀರಿ, ಚಪ್ಪರ ಹಾರಿಹೋಗುವ ಹಾಗೆ ಗದ್ದಲ. ಶೃತಿ ಅಳುತ್ತಾ ನಗುತ್ತಾ ಸೋಮಮ್ಮನ ಕೈ ಹಿಡಿದುಕೊಂಡು ತಪ್ಪಾಯ್ತು ಅಂದಳು. ಸೋಮಮ್ಮ ಕೈ ಬಿಡಿಸಿಕೊಂಡಳು. ಗದ್ದಲ ನಿಂತಿತು.

“ಮೂರು ವಾರ ನನ್ ಪಾತ್ರೆ ಮೂಸುದ್ರಿ. ಕರೆದ್ ಮ್ಯಾಲೆ ಮೂಸುದ್ರೆ ಏನ್ ಬಂತು? ಕರಿಯಕ್ ಮುಂಚೆ ಪಾತ್ರೆ ನೋಡ್ಬೇಕು, ಎಲ್ಲಾರ್ದೂವೆ, ಅವ್ರವ್ರ ಕೊಟ್ಟಿಗೇಲಿ. ನೀವು ಯಾವಾಗ್ಲೂ ತೊಡಕು ಏಳಿ, ಏಳಿ ಅಂತೀರಲ್ಲಮ್ಮಾವ್ರೆ? ಇದೇ ನನ್ ತೊಡಕು.”

ಏಳು ವರ್ಷದಲ್ಲಿ ಸೋಮಮ್ಮ ಹೇಳಿದ ಮೊದಲ ತೊಡಕು ಅದು. ಚನ್ನಮಲ್ಲಮ್ಮ ಎಲ್ಲರ ಮುಖ ನೋಡಿದಳು. “ಸರಿಯಾಗಿ ಏಳುದ್ಲು. ಬಿಸಿಲುಗಾಲ ಮುಗಿಯೋವರ್ಗೂ ಸೋಮಮ್ಮನೇ ನೋಡ್ಲಿ. ನಾಳೆ ನಮ್ಮನೆಯಿಂದ್ಲೇ ಸುರುವಾಗ್ಲಿ,” ಎಂದಳು.

ಮರುದಿನ ಬೆಳಗಿನ ಜಾವ ಸೋಮಮ್ಮ ದೊಡ್ಡ ಮನೆಯ ಗೇಟು ದಾಟಿ ಒಳಗೆ ಬಂದಳು. ಹಿಂದೆ ಹೇಳಿಕಳಿಸಿದಾಗಲೆಲ್ಲ ಗೇಟಿನ ಹೊರಗೇ ನಿಂತು ಮಾತಾಡಿ ಹೋದವಳು. ಕೊಟ್ಟಿಗೆಯಲ್ಲಿ ಪಾತ್ರೆ ಈಸಿಕೊಂಡು, ಬೆಳಕಿಗೆ ಹಿಡಿದು, ಒಳಗೆ ಮೂಗಿಟ್ಟು, ಕಂಠದ ಸುತ್ತ ಬೆರಳು ಆಡಿಸಿ ನೋಡಿದಳು.

“ಕಂಠದ ಒಳಗೆ ಜಿಡ್ಡದೆ ಅಮ್ಮಾವ್ರೆ. ಇನ್ನೊಂದ್ಸಲ ತೊಳೀರಿ.”

ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಕೆಂಪನಂಜಪ್ಪ ಲೋಟ ಕೆಳಗಿಟ್ಟ. “ಲೇ, ನಮ್ಮನೆಗೇ ಬಂದು ಇವ್ಳು...”

“ಸುಮ್ಕಿರಿ ನೀವು,” ಎಂದಳು ಚನ್ನಮಲ್ಲಮ್ಮ. ಬಿಸಿನೀರು ತಂದು, ಕೂತು, ಕಂಠದ ಒಳಗೆಲ್ಲ ಉಜ್ಜಿ ತೊಳೆದಳು. ಹಸು ಕೆಚ್ಚಲು ಬಿಗಿದು ಅಂಬಾ ಅನ್ನುತ್ತಿತ್ತು. ಎದ್ದು ಬಂದು ಪಾತ್ರೆಯನ್ನು ಎರಡೂ ಕೈಯಲ್ಲಿ ಸೋಮಮ್ಮನ ಮುಂದೆ ಹಿಡಿದಳು. ಸೋಮಮ್ಮ ಅವಸರ ಮಾಡಲಿಲ್ಲ. ಇನ್ನೊಮ್ಮೆ ಸುತ್ತಲೂ ಬೆರಳಾಡಿಸಿ, ಮೂಸಿ, ಪಾತ್ರೆಯನ್ನು ವಾಪಸ್ ಕೊಟ್ಟಳು.

“ಊಂ. ಈಗ ಕರೀರಿ.”